ಮೇಷ್ಟ್ರೇ, ಮಗನ ಕೈಯಿಂದ ಫೋನು ಕಿತ್ತುಕೊಳ್ಳಲೇ?

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನ್ನ ಮಗ ಎಂಟನೇ ಕ್ಲಾಸು. ಸ್ಕೂಲಿನಿಂದ ಬಂದವನೇ ನನ್ನ ಫೋನು ಹಿಡಿದು ವಿಡಿಯೋ ಎಡಿಟಿಂಗ್ ಅಂತ ಕೂರುತ್ತಾನೆ. ಎರಡು ನಿಮಿಷದ ವಿಡಿಯೋಗೆ ಎರಡು ದಿನ! ಗಣಿತದಲ್ಲಿ 100ಕ್ಕೆ 41 ತೆಗೆದಿದ್ದಾನೆ. ಬೈದರೆ ‘ಇದ್ರಲ್ಲೂ ಲೆಕ್ಕ ಇದೆ ಅಪ್ಪ’ ಅನ್ನುತ್ತಾನೆ. ನಾವು ಕಾಫಿ ತೋಟದವರು, ನಮಗೆ ಇದೆಲ್ಲ ತಿಳಿಯದು. ಫೋನು ಕಿತ್ತುಕೊಂಡರೆ ತಪ್ಪಾ?
– ಹೆಸರು ಬೇಡ, ಮೂಡಿಗೆರೆ

ಉತ್ತರ: ಕಿತ್ತುಕೊಳ್ಳಬೇಡಿ. ಹಾಗಂತ ಮಗ ಹೇಳಿದ್ದೆಲ್ಲ ಒಪ್ಪಬೇಕು ಅಂತಲೂ ಅಲ್ಲ. ವಿಡಿಯೋ ಎಡಿಟ್ ಮಾಡಿದ್ದಕ್ಕೇ 41 ಹೋಗಿ 80 ಆಗುತ್ತದೆ ಅಂತ ನಾನು ಬರೆದುಕೊಡಲಾರೆ. ಸಿನಿಮಾ ಹಾಡಿಗೆ ಮಿಂಚು, ಹೊಗೆ, ಉದುರುವ ಎಲೆ ಅಂಟಿಸುತ್ತಾ ಮೂರು ಗಂಟೆ ಕಳೆದರೆ ಅದು ಸುಮ್ನೆ ಆಟ. ತಾನೇ ತೆಗೆದದ್ದನ್ನು ತಾನೇ ಕತ್ತರಿಸಿ ಜೋಡಿಸುತ್ತಿದ್ದರೆ ವಿಷಯ ಬೇರೆ.

ಚಿಕ್ಕಮಗಳೂರಿನ ಹತ್ತಿರ ಹೈಸ್ಕೂಲೊಂದರಲ್ಲಿ 30 ವರ್ಷ ವಿಜ್ಞಾನ ಹೇಳಿದವನು ನಾನು. ಮೊದಮೊದಲು ನಿಮ್ಮ ಹಾಗೇ ಬೈಯುತ್ತಿದ್ದೆ. ನನ್ನ ಬಾಯಿ ಮುಚ್ಚಿಸಿದ್ದು ಒಂದು ಕೆರೆ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಊರ ಕೆರೆಯ ಈ ದಡದಲ್ಲಿ ನಿಂತು, ಆ ದಡದಲ್ಲಿ ಅವರಮ್ಮ ಬಟ್ಟೆ ಒಗೆಯುವುದನ್ನು ವಿಡಿಯೋ ಮಾಡಿದ್ದ. ಮಾರನೇ ದಿನ ಮುಖ ಸಪ್ಪೆ ಮಾಡಿಕೊಂಡು ಬಂದ. ‘ಸಾರ್, ಆಪ್ ಕೆಟ್ಟೋಗಿದೆ. ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಸೌಂಡು ಲೇಟಾಗಿ ಬರ್ತಿದೆ.’

ಆಪ್ ಕೆಟ್ಟಿರಲಿಲ್ಲ. ಅವನ ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತಿತ್ತು. ಒಂದೊಂದು ಚಿತ್ರಕ್ಕೂ ಫ್ರೇಮ್ ಅನ್ನುತ್ತಾರೆ. ಒಂದೊಂದೇ ಸರಿಸಿ ಎಣಿಸು ಅಂದೆ. ಬಟ್ಟೆ ಕಲ್ಲಿಗೆ ತಾಗಿದ ಫ್ರೇಮಿನಿಂದ, ಕೆಳಗೆ ಸೌಂಡಿನ ಗೆರೆ ಚಂಗನೆ ಎದ್ದ ಜಾಗದವರೆಗೆ 12 ಫ್ರೇಮ್. 12ನ್ನು 30ರಿಂದ ಭಾಗಿಸಿದರೆ 0.4 ಸೆಕೆಂಡು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗುಣಿಸಿದಾಗ 136 ಮೀಟರ್. ಗೂಗಲ್ ಮ್ಯಾಪಿನಲ್ಲಿ ಕೆರೆಯ ಅಗಲ ಅಳೆದೆವು, 140ರ ಹತ್ತಿರ ಬಂತು. ಶಬ್ದದ ವೇಗವನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ! ಅವನ ತಲೆಗೆ ಹೋದದ್ದು ಅವರಮ್ಮನ ಒಗೆಯುವ ಕಲ್ಲಿನಿಂದ. ಆಮೇಲೆ ಏನು ಮಾಡಿದ ಗೊತ್ತಾ? ಸೌಂಡನ್ನು 12 ಫ್ರೇಮ್ ಹಿಂದಕ್ಕೆ ಎಳೆದು ‘ಸರಿ’ ಮಾಡಿಬಿಟ್ಟ. ನಾನೂ ಬೇಡ ಅನ್ನಲಿಲ್ಲ.

ಅಡ್ಡ ವಿಡಿಯೋದ ಅಗಲ-ಎತ್ತರ 16:9, ಫೋನು ನೆಟ್ಟಗೆ ಹಿಡಿದು ತೆಗೆದದ್ದು 9:16. ಅನುಪಾತದ ಪಾಠ ಇಲ್ಲೂ ಇದೆ, ಬಿಡಿ.

ಇತಿಹಾಸವೂ ಬರುತ್ತದೆ. ಒಂದು ಸಲ ಶಾಲಾ ಪ್ರವಾಸದಲ್ಲಿ ಮೊದಲು ಹಳೇಬೀಡಿಗೆ ಹೋಗಿ, ಬರುವಾಗ ಬೇಲೂರು ನೋಡಿದೆವು. ವಿಡಿಯೋ ಜೋಡಿಸುವಾಗ ಮಕ್ಕಳಲ್ಲಿ ಜಗಳ. ನಾವು ನೋಡಿದ ಕ್ರಮದಲ್ಲಿ ಇಡಬೇಕೋ, ಕಟ್ಟಿದ ಕ್ರಮದಲ್ಲೋ? ಬೇಲೂರಿನ ಚನ್ನಕೇಶವ 1117ರದ್ದು, ಹಳೇಬೀಡಿನ ಹೊಯ್ಸಳೇಶ್ವರ ಶುರುವಾದದ್ದು 1121ರ ಸುಮಾರಿಗೆ. ಆ ಜಗಳದಲ್ಲಿದ್ದ ಒಬ್ಬರೂ ಈ ಎರಡು ಇಸವಿಗಳನ್ನು ಪರೀಕ್ಷೆಯಲ್ಲಿ ಅದಲು ಬದಲು ಮಾಡಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ನೆನಪಿರುವುದು ಒಬ್ಬ ಅಜ್ಜಿ. ಲೈನ್‌ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿದ್ದವರು, ತೋಟದ ಕೆಲಸದಲ್ಲೇ ಮುದುಕಿಯಾದವರು. ಹುಡುಗಿಯೊಬ್ಬಳು ಅವರನ್ನು ಮಾತಾಡಿಸಿ ವಿಡಿಯೋ ಮಾಡಿದಳು. ಅಜ್ಜಿ ಹೇಳಿದ್ದು: ‘ಸಾವ್ಕಾರ್ರು ಒಳ್ಳೇರೇ. ಆದ್ರೆ ಕೂಲಿ ಸಾಲ್ತಿರ್ಲಿಲ್ಲ.’ ಎರಡನೇ ಮಾತಿನ ಹೊತ್ತಿಗೆ ಯಾವುದೋ ಜೀಪು ಹಾರ್ನ್ ಹೊಡೆದಿತ್ತು. ಗಲಾಟೆ ಅಂತ ಹುಡುಗಿ ಅದನ್ನು ಕತ್ತರಿಸಿದಳು. ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಅಜ್ಜಿಗೆ ತೋರಿಸಿದಾಗ ಅವರು ನೋಡಿ, ‘ಅರ್ಧ ಮಾತು ನಂದಲ್ಲ ಕಣವ್ವ’ ಅಂದರು. ಹುಡುಗಿ ವಾಪಸ್ ಬಂದು ಹಾರ್ನ್ ಸಮೇತ ಆ ಮಾತು ಸೇರಿಸಿದಳು. ಕನ್ನಡ ಪಾಠದಲ್ಲಿ ಸಾರಾಂಶ ಬರೆಯಿರಿ ಅಂತ ನಾವು ಕೇಳುತ್ತೇವಲ್ಲ, ಅದರಲ್ಲಿ ಯಾವುದನ್ನು ಬಿಡಬಾರದು ಅನ್ನುವುದು ಆ ಹುಡುಗಿಗೆ ಅವತ್ತೇ ಗೊತ್ತಾಯಿತು.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟೇ. ವಿಡಿಯೋ ಚೆನ್ನಾಗಿದೆಯೋ ಇಲ್ಲವೋ ಹೇಳಬೇಡಿ. ಪಕ್ಕದಲ್ಲಿ ಕೂತು ‘ಇಲ್ಲಿ ಯಾಕೆ ಕಟ್ ಮಾಡಿದೆ?’ ಅಂತ ಕೇಳಿ. ಉತ್ತರ ಇದ್ದರೆ ಕಲಿಯುತ್ತಿದ್ದಾನೆ. ‘ಸುಮ್ನೆ’ ಅಂದರೆ ಫೋನು ಇಸಕೊಂಡು ಊಟಕ್ಕೆ ಕರೆಯಿರಿ. ರಾತ್ರಿ ನಿದ್ದೆಗೆಟ್ಟು ಮಾಡಲು ಮಾತ್ರ ಬಿಡಬೇಡಿ. ಗಣಿತದ ಅಭ್ಯಾಸ ಬೇರೆ ಆಗಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಇನ್ನೊಂದು. ತೋಟದವರು ಅಂದಿರಿ, ಅಲ್ವಾ? ಹೂಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದ ದಿನದಿಂದ ಒಂದು ಕಾಫಿ ರೆಕ್ಕೆಯ, ಅಂದರೆ ಗಿಡದ ಅಡ್ಡ ಕೊಂಬೆಯ, ಫೋಟೋ ತೆಗೆಯಲು ಹೇಳಿ. ಬೆಳಿಗ್ಗೆ 6ರಿಂದ ಸಂಜೆ 5ರವರೆಗೆ ಗಂಟೆಗೊಂದು, ದಿನಕ್ಕೆ 12. ಮೊಗ್ಗು ಅರಳಲು 8-10 ದಿನ ಬೇಕು ಅಂತ ನಿಮಗೇ ಗೊತ್ತು. 10 ದಿನಕ್ಕೆ 120 ಫೋಟೋ. ಸೆಕೆಂಡಿಗೆ 24ರಂತೆ ಓಡಿಸಿದರೆ ಎಷ್ಟು ಹೊತ್ತಿನ ವಿಡಿಯೋ ಆಗುತ್ತದೆ, ಮೊದಲೇ ಅವನ ಹತ್ತಿರ ಲೆಕ್ಕ ಹಾಕಿಸಿ. ಐದೇ ಸೆಕೆಂಡು ಅಂತ ಗೊತ್ತಾದಾಗ ಅವನ ಮುಖ ನೋಡಿ! ಅವನು ಸ್ಕೂಲಿಗೆ ಹೋದ ಹೊತ್ತಿನ ಫೋಟೋ ನಿಮ್ಮ ಪಾಲು. ಗಿಡದ ಎದುರು ಒಂದು ಗೂಟ ಗಟ್ಟಿಯಾಗಿ ಹೂಳಿ, ಫೋನಿಡುವ ಜಾಗಕ್ಕೆ ಗುರುತು ಮಾಡಿ. ಒಂದು ಬೆರಳು ಆಚೀಚೆ ಆದರೂ ವಿಡಿಯೋದಲ್ಲಿ ಗಿಡ ಕುಣಿಯುತ್ತದೆ. ಆಗ ಬೈಯುವ ಸರದಿ ಮಗನದು.