ಎಲ್ಕ್ ಬೇಟೆಗೆ ಹೋದಾಗ ಮೌಂಟನ್ ಲಯನ್ ಎದುರಾದರೆ ಏನು ಮಾಡಬೇಕು?

ಡಾಲಸ್‌ನಲ್ಲಿ ಕೆಲಸ, ಸೆಪ್ಟೆಂಬರ್‌ನಲ್ಲಿ ಗೆಳೆಯರ ಜೊತೆ ಕೊಲೊರಾಡೋಗೆ ಬಂದು ಬಿಲ್ಲು ಹಿಡಿದು ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆ ಮಾಡುತ್ತೀರಿ, ರಸ್ತೆಯಿಂದ ತುಂಬಾ ಒಳಗೆ ಟೆಂಟ್ ಹಾಕುತ್ತೀರಿ ಅಂತ ಬರೆದಿದ್ದೀರಿ. ಮೌಂಟನ್ ಲಯನ್ (ಸಿಂಹವಲ್ಲ, ಪ್ಯೂಮಾ ಅನ್ನುವ ಇಲ್ಲಿನ ದೊಡ್ಡ ಕಾಡುಬೆಕ್ಕು) ಎದುರಾದರೆ ಏನು ಮಾಡಬೇಕು, ಗುಂಡು ಹಾರಿಸಬಹುದಾ, ಅದನ್ನೂ ಜನ ಬೇಟೆಯಾಡುತ್ತಾರಂತೆ ನಿಜವಾ ಅನ್ನುವುದು ನಿಮ್ಮ ಪ್ರಶ್ನೆ.

ನನ್ನ ಊರು ಸಕಲೇಶಪುರದ ಕಡೆ. ಈಗ ಇರುವುದು ಫೋರ್ಟ್ ಕಾಲಿನ್ಸ್ ಹತ್ತಿರ. ಪೂಡರ್ ಕಣಿವೆಯ ಮೇಲಿನ ಕಾಡಿನಲ್ಲಿ ಪ್ರತಿ ಸೆಪ್ಟೆಂಬರ್ ಬಿಲ್ಲು ಹಿಡಿದು ಓಡಾಡುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಟ್ರೆಕ್ಕಿಂಗ್ ಮಾಡುವವರಿಗೆ ಕೊಡುವ ಸಲಹೆಯನ್ನೇ ಇಲ್ಲಿ ಬೇಟೆಗಾರರಿಗೂ ಕೊಡುತ್ತಾರೆ. ಅದು ಸಾಲದು. ಟ್ರೆಕ್ಕಿಂಗ್‌ಗೆ ಬಂದವರು ಮಾತಾಡುತ್ತಾ, ಬಣ್ಣದ ಬಟ್ಟೆ ಹಾಕಿಕೊಂಡು, ಸವೆದ ದಾರಿಯಲ್ಲೇ ನಡೆಯುತ್ತಾರೆ. ದೂರದಿಂದಲೇ ಅವರನ್ನು ಗುರುತು ಹಿಡಿದು ಲಯನ್ ಪಕ್ಕಕ್ಕೆ ಸರಿಯುತ್ತದೆ. ಬಿಲ್ಲಿನ ಬೇಟೆಗಾರ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಕಾಡಿನ ಬಣ್ಣದ ಬಟ್ಟೆ ಹಾಕುತ್ತಾನೆ. ಮೈಯ ವಾಸನೆ ಎಲ್ಕಿಗೆ ಸಿಗದ ಹಾಗೆ ಗಾಳಿ ನೋಡಿ ಕೂರುತ್ತಾನೆ. ಬೆಳಗಿನ ಮಬ್ಬು, ಸಂಜೆಯ ಮಬ್ಬಿನಲ್ಲೇ ಓಡಾಡುತ್ತಾನೆ. ಲಯನ್ ಬೇಟೆಗೆ ಹೊರಡುವುದೂ ಅದೇ ಹೊತ್ತಿಗೆ. ಸಾಲದ್ದಕ್ಕೆ ಬಾಯಲ್ಲಿ 'ಕಾಲ್' (ಪ್ರಾಣಿಯ ಕೂಗು ಹೊರಡಿಸುವ ಪುಟ್ಟ ಸಾಧನ) ಇಟ್ಟುಕೊಂಡು ಹೆಣ್ಣು ಎಲ್ಕಿನ ಹಾಗೆ, ಮರಿಯ ಹಾಗೆ ಕೂಗುತ್ತಾನೆ. ಆ ಕೂಗು ಗಂಡು ಎಲ್ಕಿಗೆ ಮಾತ್ರ ಕೇಳಿಸುತ್ತದೆಯೇ? ಹಸಿದ ಲಯನ್‌ಗೂ ಕೇಳಿಸುತ್ತದೆ.

ಹೀಗೆ ಕೂಗಿಗೆ ಬರುವ ಲಯನ್ ಮನುಷ್ಯನನ್ನು ಹುಡುಕಿಕೊಂಡು ಬಂದಿರುವುದಿಲ್ಲ. ಎಲ್ಕ್ ಮರಿ ಇದೆ ಅಂದುಕೊಂಡು ಬಂದಿರುತ್ತದೆ. ನೀವು ಮನುಷ್ಯ ಅಂತ ಅದಕ್ಕೆ ಎಷ್ಟು ಬೇಗ ಗೊತ್ತಾಗುತ್ತದೋ ಅಷ್ಟು ಒಳ್ಳೆಯದು.

ನನಗೆ ಇದು ಒಮ್ಮೆ ಆಗಿದೆ. ರೆಡ್ ಫೆದರ್ ಲೇಕ್ಸ್ ಕಡೆಯ ಆಸ್ಪೆನ್ ತೋಪಿನಲ್ಲಿ ಬಿದ್ದ ಮರಕ್ಕೆ ಒರಗಿ ಕೂತು ಕಾಲ್ ಮಾಡುತ್ತಿದ್ದೆ. ಗೆಳೆಯ ನನ್ನ ಮುಂದೆ, ಗಂಡು ಎಲ್ಕ್ ಬರಬಹುದಾದ ದಾರಿಯಲ್ಲಿ ಕಾಯುತ್ತಿದ್ದ. ಹಿಂದೆ ಒಂದು ಅಳಿಲು ಬಿಡದೆ ಬೈಯಲು ಶುರು ಮಾಡಿತು. ತಿರುಗಿ ನೋಡಿದರೆ ಮೂವತ್ತು ಹೆಜ್ಜೆ ದೂರದಲ್ಲಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಲಯನ್ ನನ್ನ ಕಡೆಗೇ ಬರುತ್ತಿತ್ತು. ನಾನು ಎದ್ದು ನಿಂತೆ. ಬಿಲ್ಲನ್ನು ತಲೆಯ ಮೇಲೆ ಎತ್ತಿ, "ಏಯ್, ಹೋಗ್ ಆ ಕಡೆ!" ಅಂತ ಕನ್ನಡದಲ್ಲೇ ಗದರಿದೆ. ಅದು ನಿಂತಿತು. ತಗ್ಗಿದ್ದ ಮೈ ನೆಟ್ಟಗಾಯಿತು. ಬಾಲದ ತುದಿ ಅಲ್ಲಾಡಿಸುತ್ತಾ ನನ್ನನ್ನೇ ನೋಡಿತು. ಗೆಳೆಯನೂ ಕೂಗುತ್ತಾ ನನ್ನ ಪಕ್ಕಕ್ಕೆ ಬಂದ. ಆಮೇಲೆ ಅದು ಪಕ್ಕಕ್ಕೆ ತಿರುಗಿ, ಅವಸರವೇ ಇಲ್ಲದೆ ಇಳಿಜಾರಿನಲ್ಲಿ ಇಳಿದು ಹೋಯಿತು.

ಮಾಡಬೇಕಾದ್ದು ಇದೇ. ಎದ್ದು ನಿಲ್ಲಿ. ಓಡಬೇಡಿ, ಬೆನ್ನು ತೋರಿಸಬೇಡಿ. ಬೆಕ್ಕಿನ ಮುಂದೆ ದಾರ ಎಳೆದರೆ ಅದು ಹೇಗೆ ಹಾರುತ್ತದೋ, ಓಡುವವನ ಬೆನ್ನು ಕಂಡರೆ ಲಯನ್ ಕೂಡ ಹಾಗೇ. ಕಣ್ಣು ಅದರ ಮೇಲೇ ಇರಲಿ. ಜಾಕೆಟ್ ಬಿಚ್ಚಿ ಅಗಲಿಸಿ, ಗಟ್ಟಿ ದನಿಯಲ್ಲಿ ಮಾತಾಡಿ, ನಿಧಾನವಾಗಿ ಹಿಂದೆ ಸರಿಯಿರಿ. ಅದಕ್ಕೆ ಹೋಗಲು ದಾರಿ ಬಿಡಿ. ಆದರೂ ಹತ್ತಿರ ಬಂದರೆ ಕಲ್ಲು, ಕೋಲು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಕಲ್ಲು ಎತ್ತಲು ಬಗ್ಗುವುದು ಅಪಾಯ, ನಿಜ. ಅದಕ್ಕೇ ನಾನು ಕಾಲ್ ಮಾಡಲು ಕೂರುವ ಮೊದಲೇ ಎರಡು ಕಲ್ಲು ಆರಿಸಿ ಮರದ ದಿಮ್ಮಿಯ ಮೇಲೆ ಇಟ್ಟುಕೊಳ್ಳುತ್ತೇನೆ.

ಮೇಲೆ ಬಿದ್ದರೆ ಸತ್ತಂತೆ ಮಲಗಬೇಡಿ. ಗ್ರಿಜ್ಲಿ ಕರಡಿಯ ವಿಷಯದಲ್ಲಿ ಕೇಳಿದ ಸಲಹೆ ಅದು. ಕೊಲೊರಾಡೋದಲ್ಲಿ ಕೊನೆಯ ಗ್ರಿಜ್ಲಿ ಸತ್ತದ್ದು 1979ರಲ್ಲಿ. ಲಯನ್ ಕತ್ತಿಗೆ ಬಾಯಿ ಹಾಕುತ್ತದೆ, ಮಲಗಿದವನು ಅದಕ್ಕೆ ಸುಲಭವಾಗಿ ಸಿಗುತ್ತಾನೆ. ಕತ್ತು ಕಾಪಾಡಿಕೊಂಡು ಹೊಡೆದಾಡಬೇಕು. 2019ರ ಫೆಬ್ರವರಿಯಲ್ಲಿ ಫೋರ್ಟ್ ಕಾಲಿನ್ಸ್ ಪಕ್ಕದ ಹಾರ್ಸ್‌ಟೂತ್ ಗುಡ್ಡದಲ್ಲಿ ಓಡುತ್ತಿದ್ದ ಒಬ್ಬರ ಮೇಲೆ ಎಳೆಯ ಲಯನ್ ಬಿತ್ತು. ಕೈಮಣಿಕಟ್ಟು ಕಚ್ಚಿ ಹಿಡಿದು ಬಿಡಲಿಲ್ಲ. ಅವರು ಕಲ್ಲಿನಿಂದ ಹೊಡೆದು, ಕೊನೆಗೆ ಕತ್ತಿನ ಮೇಲೆ ಕಾಲಿಟ್ಟು ಅದನ್ನು ಕೊಂದರು. ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದರು.

ತಿಳಿದಿರಬೇಕಾದ ಇನ್ನೊಂದು ನಡತೆ ಇದೆ. 2020ರ ಅಕ್ಟೋಬರ್‌ನಲ್ಲಿ ಯೂಟಾದ ಪ್ರೊವೊ ಪಕ್ಕದ ಸ್ಲೇಟ್ ಕ್ಯಾನ್ಯನ್‌ನಲ್ಲಿ ಒಬ್ಬ ಯುವಕ ಮರಿಗಳನ್ನು ಕಂಡು ಮೊಬೈಲ್ ತೆಗೆದ. ತಾಯಿ ಎದುರಿಗೇ ಬಂತು. ಸುಮಾರು ಆರು ನಿಮಿಷ ಅವನನ್ನು ಹಿಂಬಾಲಿಸಿತು. ಮುಂಗಾಲು ಬಡಿದು ಮೇಲೆ ಹಾರುವ ಹಾಗೆ ಮತ್ತೆ ಮತ್ತೆ ನುಗ್ಗಿತು. ಆ ವಿಡಿಯೋ ನೀವೂ ನೋಡಿರಬಹುದು. ಕೊಲ್ಲಲು ಬರುವ ಲಯನ್ ಹಾಗೆ ಸದ್ದು ಮಾಡಿ ತೋರಿಸಿಕೊಳ್ಳುವುದಿಲ್ಲ, ಅಡಗಿ ಬರುತ್ತದೆ. ಅದು ಅವನನ್ನು ಮರಿಗಳಿಂದ ದೂರ ಅಟ್ಟುತ್ತಿತ್ತು. ಅವನು ಓಡಲಿಲ್ಲ, ಮಾತಾಡುತ್ತಲೇ ಹಿಂದೆ ನಡೆದ. ಕೊನೆಗೆ ಕಲ್ಲು ಎತ್ತಿ ಎಸೆದ ಕ್ಷಣ ಅದು ತಿರುಗಿ ಓಡಿತು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಟ್ಟದ್ದು ಆಗಬಹುದು, ಅದನ್ನು ಮುಚ್ಚಿಡುವುದು ತಪ್ಪು. 2024ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಎಲ್ ಡೊರಾಡೋ ಕೌಂಟಿಯಲ್ಲಿ ಉದುರಿದ ಕೊಂಬು ಹುಡುಕಲು ಹೋಗಿದ್ದ ಅಣ್ಣತಮ್ಮಂದಿರ ಮೇಲೆ ಲಯನ್ ಬಿತ್ತು. ಇಬ್ಬರೂ ಕೈ ಎತ್ತಿ, ಕೂಗಿ ಹೆದರಿಸಲು ನೋಡಿದ್ದರು. ಅಣ್ಣ ತೀರಿಕೊಂಡ, 21 ವರ್ಷ. ಆ ರಾಜ್ಯದಲ್ಲಿ 20 ವರ್ಷಗಳಲ್ಲಿ ಅದು ಮೊದಲ ಸಾವು. ನೂರು ವರ್ಷ ಲೆಕ್ಕ ಹಾಕಿದರೂ ಇಡೀ ಉತ್ತರ ಅಮೆರಿಕದಲ್ಲಿ ಲಯನ್‌ನಿಂದ ಸತ್ತವರು ಮೂವತ್ತರ ಆಸುಪಾಸು. ತಿ. ನರಸೀಪುರದ ಕಡೆ ಚಿರತೆ ಜನರನ್ನು ಕೊಂದ ಸುದ್ದಿ ಓದಿದವರಿಗೆ ಇದೂ ಅಂಥದ್ದೇ ಅನ್ನಿಸುತ್ತದೆ, ಆದರೆ ಲಯನ್ ಮನುಷ್ಯನ ಹತ್ತಿರ ಸುಳಿಯುವುದು ಅದಕ್ಕಿಂತ ತುಂಬಾ ಕಡಿಮೆ.

ಎಲ್ಕ್ ಬಿದ್ದ ಮೇಲೆ ಎಚ್ಚರ ಜಾಸ್ತಿ ಬೇಕು. ಕಡಿದ ಮಾಂಸವನ್ನು ಒಂದೇ ಸಲ ಹೊತ್ತು ತರಲು ಆಗುವುದಿಲ್ಲ. ಉಳಿದದ್ದನ್ನು ಟೆಂಟಿನಿಂದ ದೂರ, ನೂರು ಗಜದಿಂದಲೇ ಕಣ್ಣಿಗೆ ಬೀಳುವ ಮರಕ್ಕೆ ನೇತುಹಾಕಿ. ಕರುಳು, ಎಲುಬು ಬಿದ್ದ ಜಾಗದಿಂದಲೂ ದೂರ ಇರಲಿ. ಬೆಳಗ್ಗೆ ವಾಪಸ್ ಹೋಗುವಾಗ ಬೇಟೆಗಾರನ ಹಾಗೆ ಮೆಲ್ಲಗೆ ಹೋಗಬೇಡಿ, ಜೋರಾಗಿ ಮಾತಾಡುತ್ತಾ ಹೋಗಿ. ಅಲ್ಲಿ ಲಯನ್ ಇರಬಹುದು, ಕಪ್ಪು ಕರಡಿ ಇರುವ ಸಾಧ್ಯತೆ ಇನ್ನೂ ಜಾಸ್ತಿ. ದಾರಿಯಲ್ಲಿ ಎಲೆ, ಮಣ್ಣು, ಪೈನ್ ಸೂಜಿ ಎಳೆದು ಮುಚ್ಚಿದ ಜಿಂಕೆ ಕಂಡರೆ ನಿಲ್ಲಬೇಡಿ. ಲಯನ್ ತನ್ನ ಬೇಟೆಯನ್ನು ಹಾಗೆ ಮುಚ್ಚಿಟ್ಟು ಹಲವು ದಿನ ಬಂದು ತಿನ್ನುತ್ತದೆ. ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿ ಮಲಗಿರುತ್ತದೆ. ಹೆಜ್ಜೆ ಗುರುತು ಹೇಗೆ ತಿಳಿಯುವುದು ಅಂದರೆ, ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡಿರುತ್ತದೆ, ಲಯನ್ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಗಾಲಿನ ಹಿಂಬದಿ ಮೂರು ಉಬ್ಬಾಗಿ ಕಾಣುತ್ತದೆ.

ಇನ್ನು ಲಯನ್ ಅನ್ನೇ ಬೇಟೆಯಾಡುವ ವಿಷಯ. ಹೌದು, ಆಡುತ್ತಾರೆ. ಕಾಡುಪ್ರಾಣಿ ಕೊಲ್ಲುವುದೇ ಅಪರಾಧ ಅನ್ನುವ 1972ರ ಕಾಯ್ದೆಯ ನಾಡಿನಿಂದ ಬಂದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕೊಲೊರಾಡೋದಲ್ಲಿ 1965ರ ತನಕ ಲಯನ್ ಕೊಂದವರಿಗೆ ಇನಾಮು ಸಿಗುತ್ತಿತ್ತು. ಆ ವರ್ಷ ಅದನ್ನು ಲೈಸೆನ್ಸ್ ಬೇಕಾದ ಬೇಟೆಯ ಪ್ರಾಣಿ ಮಾಡಿದರು. ಇನಾಮು ನಿಂತ ಮೇಲೆ ಸಂಖ್ಯೆ ಚೇತರಿಸಿಕೊಂಡಿತು. ಈಗ ರಾಜ್ಯದಲ್ಲಿ 3,800ರಿಂದ 4,400 ಇವೆ ಅಂತ ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. ಬೇಟೆಗಾರರು ವರ್ಷಕ್ಕೆ ಸುಮಾರು 500 ಹೊಡೆಯುತ್ತಾರೆ. ಬೇಟೆ ನಡೆಯುವುದು ಚಳಿಗಾಲದಲ್ಲಿ, ನಿಮ್ಮ ಸೆಪ್ಟೆಂಬರ್‌ನಲ್ಲಿ ಅಲ್ಲ. ಹೊಸ ಹಿಮ ಬಿದ್ದ ಬೆಳಗ್ಗೆ ಹೆಜ್ಜೆ ಹುಡುಕಿ ಬೇಟೆನಾಯಿಗಳನ್ನು ಬಿಡುತ್ತಾರೆ. ಲಯನ್ ಮರ ಹತ್ತುತ್ತದೆ. ಕೆಳಗೆ ನಿಂತು ಗಂಡೋ ಹೆಣ್ಣೋ ಅಂತ ನೋಡಿ ತೀರ್ಮಾನ ಮಾಡುತ್ತಾರೆ. ಮರಿ ಜೊತೆಗಿರುವ ತಾಯಿಯನ್ನು ಹೊಡೆಯುವಂತಿಲ್ಲ. ಲಯನ್ ಬೇಟೆಗೆ ಬೇರೆಯೇ ಪರೀಕ್ಷೆ ಪಾಸಾಗಬೇಕು, ಮಾಂಸವನ್ನು ಬಿಸಾಡುವ ಹಾಗಿಲ್ಲ, ತಲೆ ಮತ್ತು ತೊಗಲನ್ನು ಇಲಾಖೆಗೆ ತೋರಿಸಬೇಕು.

ಈ ಬೇಟೆ ನಿಲ್ಲಿಸಬೇಕೇ ಅಂತ 2024ರ ನವೆಂಬರ್‌ನಲ್ಲಿ ಜನರನ್ನೇ ಕೇಳಿದರು. ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದರು, ಬೇಟೆ ಉಳಿಯಿತು. ಕ್ಯಾಲಿಫೋರ್ನಿಯಾದ ಮತದಾರರು 1990ರಲ್ಲೇ ನಿಲ್ಲಿಸಿದ್ದಾರೆ. ಯೂಟಾ 2023ರಲ್ಲಿ ವರ್ಷವಿಡೀ ಹೊಡೆಯಬಹುದು ಅಂದಿತು. ಯೂಟಾದ ದಾರಿ ನನಗೆ ತಪ್ಪು ಅನ್ನಿಸುತ್ತದೆ. ಲಯನ್ ಮರಿ ಒಂದೂವರೆ, ಎರಡು ವರ್ಷ ತಾಯಿಯ ಜೊತೆ ಇರುತ್ತದೆ. ಅದು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಹುಟ್ಟಬಹುದು. ತಾಯಿ ಬೇಟೆಗೆ ಹೋಗುವಾಗ ಎಳೆ ಮರಿಗಳನ್ನು ಬಂಡೆ ಸಂದಿಯಲ್ಲಿ ಬಿಟ್ಟಿರುತ್ತದೆ. ಒಂಟಿ ಹೆಣ್ಣು ಅಂತ ಹೊಡೆದರೆ ಹಿಂದೆ ಮರಿಗಳು ಉಪವಾಸ ಸಾಯುತ್ತವೆ. ಲೈಸೆನ್ಸ್, ಮಿತಿ, ತಪಾಸಣೆ ಇರುವ ಕೊಲೊರಾಡೋದ ಬೇಟೆಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಅದರಿಂದ ಕಾಡಿನ ದಾರಿ ನಮಗೆ ಸುರಕ್ಷಿತವಾಗುತ್ತದೆ ಅನ್ನುವ ವಾದವನ್ನು ಒಪ್ಪುವುದೂ ಇಲ್ಲ. ಬೇಟೆಯೇ ಇಲ್ಲದ, ಅಷ್ಟೊಂದು ಜನ ಇರುವ ಕ್ಯಾಲಿಫೋರ್ನಿಯಾದಲ್ಲಿ 2024ರ ಆ ಸಾವಿಗೆ ಮೊದಲು 20 ವರ್ಷ ಒಂದೂ ಸಾವು ಆಗಲಿಲ್ಲ.

ಗುಂಡಿನ ಪ್ರಶ್ನೆಗೆ ಉತ್ತರ. ಎಲ್ಕ್ ಟ್ಯಾಗ್ (ಎಲ್ಕ್ ಹೊಡೆಯಲು ಕೊಡುವ ಪರವಾನಗಿ ಚೀಟಿ) ಇಟ್ಟುಕೊಂಡು ಲಯನ್ ಹೊಡೆಯುವಂತಿಲ್ಲ. ನಿಜವಾಗಿ ಜೀವಕ್ಕೆ ಬಂದಾಗ ಕೊಲ್ಲಲು ಕಾನೂನು ಬಿಡುತ್ತದೆ, ಆದರೆ ಇಲಾಖೆಗೆ ತಿಳಿಸಲೇಬೇಕು, ಪ್ರಾಣಿ ನಿಮ್ಮದಾಗುವುದಿಲ್ಲ. ದೂರದಿಂದ ನೋಡುತ್ತಾ ನಿಂತ ಲಯನ್ ಜೀವಕ್ಕೆ ಅಪಾಯ ಅನ್ನಿಸಿಕೊಳ್ಳುವುದಿಲ್ಲ. ನೀವು ಎಚ್-1ಬಿ ವೀಸಾದಲ್ಲಿದ್ದರೆ ಇನ್ನೊಂದು ವಿಷಯ. ಸಾಮಾನ್ಯವಾಗಿ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗೆಳೆಯರ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೊದಲು ಇದನ್ನು ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ಬಿಲ್ಲಿಗೆ ಈ ತೊಂದರೆ ಇಲ್ಲ.

ನಾನಂತೂ ಬೇರ್ ಸ್ಪ್ರೇಯನ್ನೇ (ಕರಡಿ ಓಡಿಸುವ ಖಾರದ ಸ್ಪ್ರೇ) ನಂಬುತ್ತೇನೆ. ಲಯನ್‌ಗೂ ಕರಡಿಗೂ ಕೆಲಸ ಮಾಡುತ್ತದೆ, ಮೂವತ್ತು ಅಡಿಯಷ್ಟು ದೂರ ಹೋಗುತ್ತದೆ. ಚೀಲದೊಳಗೆ ಇಡಬೇಡಿ, ಎದೆಯ ಪಟ್ಟಿಗೆ ಕಟ್ಟಿಕೊಳ್ಳಿ. ವಿಮಾನದಲ್ಲಿ ಬರುವುದಾದರೆ ತರಲು ಬಿಡುವುದಿಲ್ಲ, ಇಲ್ಲೇ ಬಂದು ಕೊಳ್ಳಿ.

ನಿಮ್ಮ ಟ್ಯಾಗ್ ಯಾವ ಯೂನಿಟ್‌ನದು (ಬೇಟೆಯ ವಲಯದ್ದು) ಅಂತ ಕೆಳಗೆ ಬರೆಯಿರಿ. ಉತ್ತರದ ಕಡೆಯದಾದರೆ ಸೆಪ್ಟೆಂಬರ್‌ನಲ್ಲಿ ನೀರು ಎಲ್ಲಿ ಉಳಿದಿರುತ್ತದೆ, ಟೆಂಟ್ ಎಲ್ಲಿ ಹಾಕಬಹುದು ಅಂತ ತಿಳಿಸುತ್ತೇನೆ.