ಹಲಸಿನ ಮೇಣಕ್ಕೆ ಥಿನ್ನರ್ ಬೇಡ

ಬದಿಯಡ್ಕದ ಮನೆಯಲ್ಲಿ ಹಲಸಿನ ಮರದಡಿ ನಿಲ್ಲಿಸಿದ ಕಾರಿಗೆ ಬಿದ್ದ ಮೇಣ, ಹೆದ್ದಾರಿ 66ರ ಕಾಮಗಾರಿಯಲ್ಲಿ ಅಂಟಿದ ಡಾಂಬರು, ಎರಡನ್ನೂ ಥಿನ್ನರ್‌ನಲ್ಲಿ ತೆಗೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 50 ಮೈಕ್ರಾನಿನ (ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದ) ಆಸುಪಾಸು, ಅಷ್ಟೇ. ಥಿನ್ನರ್ ಅದನ್ನೇ ಮೆತ್ತಗೆ ಮಾಡುತ್ತದೆ. ರೀ-ಪೇಂಟ್ ಆದ ಭಾಗವಾದರೆ ಬಣ್ಣವೇ ಎದ್ದೀತು.

ಮೊದಲು ನೆರಳಲ್ಲಿ, ಬಾನೆಟ್ ತಣಿದ ಮೇಲೆ, ಶಾಂಪೂ ಹಾಕಿ ತೊಳೆಯಿರಿ. ಗೀರು ಬೀಳುವುದು ಹೆಚ್ಚಾಗಿ ಉಳಿದ ಮಣ್ಣಿನಿಂದಲೇ. ಮೇಣ ನೀರಿಗೆ ಜಗ್ಗುವುದಿಲ್ಲ. ಹಲಸು ಕೊಯ್ಯುವಾಗ ಕೈಗೆ ಹಚ್ಚುವ ತೆಂಗಿನೆಣ್ಣೆಯೇ ಇಲ್ಲೂ ಸಾಕು: ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಹತ್ತು ನಿಮಿಷ ಬಿಡಿ. ಅಂಚು ಎದ್ದ ಕೂಡಲೇ ಉಗುರು ತಾಗಿಸದೆ ಬೆರಳ ತುದಿಯಿಂದ ಮೆಲ್ಲ ಉರುಳಿಸಿ. ಒಂದೇ ಸಲಕ್ಕೆ ಬಾರದಿದ್ದರೆ ಮತ್ತೆ ನೆನೆಸಿ, ಬಲ ಹಾಕಬೇಡಿ.

ಡಾಂಬರಿಗೆ ಆಟೋ ಅಂಗಡಿಯ ಟಾರ್ ರಿಮೂವರ್ ತನ್ನಿ. ಚುಕ್ಕೆ ಕರಗಿ ಕಂದಾಗಿ ಇಳಿಯುವಾಗ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಹತ್ತಿರವೂ ತರಬೇಡಿ.

ಕೊನೆಗೆ ಇನ್ನೊಮ್ಮೆ ಶಾಂಪೂ, ಆಮೇಲೆ ವ್ಯಾಕ್ಸ್. ಎಣ್ಣೆ, ರಿಮೂವರ್ ಎರಡೂ ಹಳೆಯ ವ್ಯಾಕ್ಸನ್ನು ಒಯ್ದಿರುತ್ತವೆ.