ಬೊಲೆರೊ ಹಿಂದಿನ ಗುಂಯ್ ಸದ್ದು: ಹೌಸಿಂಗ್ ಬಿಚ್ಚಿಸೋ ಮುಂಚೆ ಟೈರ್ ನೋಡಿ

ನಿಮ್ಮ ಬೊಲೆರೊಗೆ ಹೊಸ ಕ್ರೌನ್-ಪಿನಿಯನ್ (ಹಿಂದಿನ ಚಕ್ರಗಳಿಗೆ ಬಲ ಕೊಡುವ ಜೋಡಿ ಹಲ್ಲುಚಕ್ರ) ಹಾಕಿಸಲಾ, ಇಲ್ಲ ಗುಜರಿಯಿಂದ ಇಡೀ ಹೌಸಿಂಗ್ (ಅವು ಕೂರುವ ಕಬ್ಬಿಣದ ಗೂಡು) ತಂದು ಕೂರಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. 50 ದಾಟಿದರೆ ಹಿಂದಿನಿಂದ ಗುಂಯ್ ಅನ್ನುತ್ತೆ, ಸ್ಪೀಡ್ ಏರಿದ ಹಾಗೆ ಜೋರಾಗುತ್ತೆ ಅಂತ ಮಾತ್ರ ಬರೆದಿದ್ದೀರಿ. ಇಷ್ಟರ ಮೇಲೆ ಡಿಫರೆನ್ಶಿಯಲ್ (ಇಂಜಿನ್ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ, ಹೌಸಿಂಗ್ ಒಳಗಿನ ಗೇರು) ಹೋಗಿದೆ ಅಂತ ಯಾರೂ ಹೇಳೋಕೆ ಆಗಲ್ಲ.

ನನ್ನ ಬೊಲೆರೊದಲ್ಲೂ ಇದೇ ಸದ್ದು ಇತ್ತು. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರೋ ಗಾಡಿ, ಹಿಂದೆ ಯಾವಾಗಲೂ ಲೋಡು. ಸದ್ದು ಶುರುವಾದಾಗ ಗ್ಯಾರೇಜಿಗೆ ಹೋಗಿ, "ಅಣ್ಣ, ಡಿಫರೆನ್ಶಿಯಲ್ ಸೌಂಡ್ ಬರ್ತಿದೆ, ನೋಡಿ" ಅಂದೆ. ನನ್ನ ದುಡ್ಡು ಹೋಗಿದ್ದು ಆ ಒಂದು ಮಾತಿಗೆ. ಸದ್ದು ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ ಅಂತ ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೋಗಿ ಬರಬೇಕಿತ್ತು, ಅದೂ ಆಗಲಿಲ್ಲ. ಗಾಡಿ ಸೀದಾ ಜಾಕ್ ಮೇಲೆ ಹೋಯಿತು.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಹೌಸಿಂಗ್ ಬಿಚ್ಚಿದರೆ ಹಲ್ಲಿನ ಮೇಲೆ ಏನಾದರೂ ಸವೆತ ಕಂಡೇ ಕಾಣುತ್ತೆ. ನನಗೂ ಟಾರ್ಚ್ ಬಿಟ್ಟು ತೋರಿಸಿದರು: ಕ್ರೌನಿನ ಒಂದೆರಡು ಹಲ್ಲಿನ ಮೇಲೆ ಸೂಜಿ ಚುಚ್ಚಿದಂಥ ಗುಳಿ. ಕಣ್ಣಾರೆ ಕಂಡ ಮೇಲೆ ಬೇಡ ಅನ್ನೋದು ಹೇಗೆ? ಮೆಕ್ಯಾನಿಕ್ ಮೋಸ ಮಾಡಿದರು ಅಂತ ನಾನು ಹೇಳಲ್ಲ. ನಾನು ಕಾಯಿಲೆ ಹೆಸರು ಹೇಳಿಕೊಂಡು ಹೋಗಿದ್ದೆ, ಅವರು ಅದಕ್ಕೆ ಔಷಧಿ ಕೊಟ್ಟರು. ಕ್ರೌನ್, ಪಿನಿಯನ್, ಬೇರಿಂಗ್, ಸೀಲ್, ಎಣ್ಣೆ, ಕೂಲಿ, ಎಲ್ಲ ಸೇರಿ ದೊಡ್ಡ ಬಿಲ್ಲಾಯಿತು.

ವಾಪಸ್ ಬರುವಾಗ ಹಳೆ ಸದ್ದು ಹಾಗೇ ಇತ್ತು. ಜೊತೆಗೆ ಹೊಸದೊಂದು ಸೇರಿಕೊಂಡಿತ್ತು. ಆಕ್ಸಿಲರೇಟರ್ ಒತ್ತಿದರೆ ಊಳಿಡುವ ಸದ್ದು, ಕಾಲು ತೆಗೆದರೆ ಬೇರೆ ಸ್ವರ. ಇದು ಹಲ್ಲಿನ ಸೆಟ್ಟಿಂಗ್ ಸರಿ ಕೂರದಿದ್ದರೆ ಬರುವ ಸದ್ದು. ಎರಡನ್ನೂ ಒಟ್ಟಿಗೆ ಕೇಳಿದಾಗಲೇ ವ್ಯತ್ಯಾಸ ತಿಳಿದದ್ದು. ಹಳೇದು ಕಾಲಿಟ್ಟರೂ ಅಷ್ಟೇ, ತೆಗೆದರೂ ಅಷ್ಟೇ.

ಹಳೆ ಸದ್ದಿನ ಮೂಲ ಕಂಡುಹಿಡಿದದ್ದು ಪಂಕ್ಚರ್ ಅಂಗಡಿಯವರು. ಹಿಂದಿನ ಎಡಗಡೆ ಟೈರ್ ಮೇಲೆ ಅಂಗೈ ಸವರಿ, "ನೀವೂ ಮುಟ್ಟಿ ನೋಡಿ ಸಾರ್" ಅಂದರು. ಒಂದು ಕಡೆಗೆ ಸವರಿದರೆ ನುಣುಪು, ವಾಪಸ್ ಎಳೆದರೆ ಗರಗಸದ ಹಲ್ಲಿನ ಹಾಗೆ ಕೈಗೆ ತಡೆಯುತ್ತಿತ್ತು. ಶಾಕ್ ಅಬ್ಸಾರ್ಬರ್ ಸತ್ತು, ಚಕ್ರ ರಸ್ತೆ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಟೈರ್ ಅಲ್ಲಲ್ಲಿ ತಿಂದುಹೋಗಿತ್ತು. ಸುಳಿವು ಮೊದಲೇ ಸಿಕ್ಕಿತ್ತು. ಶಿರಾಡಿಯ ಕಾಂಕ್ರೀಟ್ ಮುಗಿದು ಡಾಂಬರಿಗೆ ಇಳಿದ ತಕ್ಷಣ ಸದ್ದಿನ ಧಾಟಿ ಬದಲಾಗುತ್ತಿತ್ತು. ಹೌಸಿಂಗ್ ಒಳಗಿರುವ ಹಲ್ಲಿಗೆ ಕೆಳಗೆ ಯಾವ ರಸ್ತೆ ಇದ್ದರೇನು? ರಸ್ತೆ ಜೊತೆ ಬದಲಾಗುವ ಸದ್ದು ಟೈರಿಂದು.

ಹಾಗಾಗಿ ಮೊದಲು ಸ್ಟೆಪ್ನಿ, ಜಾಕ್, ಟೂಲ್ಸ್ ಎಲ್ಲ ಇಳಿಸಿ, ಅವುಗಳ ಸದ್ದು ಇದರ ಜೊತೆ ಬೆರೆಯಬಾರದು. ಆಮೇಲೆ ಹಿಂದಿನ ಎರಡು ಟೈರ್ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿಸಿ ಓಡಿಸಿ. ಸದ್ದು ಮುಂದಕ್ಕೆ ಬಂತು ಅಂದರೆ, ಇಲ್ಲ ಅದರ ಸ್ವರ ಬದಲಾಯಿತು ಅಂದರೆ, ಕೇಸು ಅಲ್ಲಿಗೇ ಮುಗಿಯಿತು. ಕಿವಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಚಾಸಿ ಹಿಡಿದು ಸದ್ದು ಎಲ್ಲೆಲ್ಲಿಗೋ ಹರಿಯುತ್ತೆ. ಮುಂದಿನ ಚಕ್ರದ ಬೇರಿಂಗ್ ಸದ್ದೂ ಕೆಲವು ಸಲ ಹಿಂದಿನಿಂದ ಬಂದ ಹಾಗೆ ಕೇಳುತ್ತೆ.

ಟೈರ್ ಬದಲಿಸಿದರೂ ಸದ್ದು ಬದಲಾಗಲಿಲ್ಲ ಅಂದರೆ ಹಬ್ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಿಸುವ ಬೇರಿಂಗ್ ನೋಡಿ. ಉದ್ದನೆಯ ಬಲತಿರುವಿನಲ್ಲಿ ಭಾರ ಎಡ ಚಕ್ರಕ್ಕೆ ಬೀಳುತ್ತೆ. ಅಲ್ಲಿ ಸದ್ದು ಜಾಸ್ತಿಯಾದರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ ಪಡಿ. ಎಡತಿರುವಲ್ಲಿ ಜಾಸ್ತಿಯಾದರೆ ಬಲಗಡೆದು. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೂ ಗರಗರ ಗೊತ್ತಾಗುತ್ತೆ. ಆದರೆ ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನೇ, ಅವನ್ನು ಎತ್ತಿದರೆ ಗಾಡಿ ಅದರ ಮೇಲೆ ನಿಲ್ಲುತ್ತೆ ಅಂತ ನಂಬೋಕಾಗಲ್ಲ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ-ಮುಂದೆ ಕಲ್ಲು ಕೊಡದೆ, ಸ್ಟ್ಯಾಂಡ್ ಇಡದೆ ಗಾಡಿ ಕೆಳಗೆ ದಯವಿಟ್ಟು ಕೈ ಹಾಕಬೇಡಿ.

ಗಾಡಿ ಎಳೆಯುವಾಗ, ರಿವರ್ಸ್ ಹಾಕಿದಾಗ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಉದ್ದನೆಯ ಕಂಬಿ) ಕ್ರಾಸ್, ಅಂದರೆ ಅದರ ತುದಿಯ ಕೀಲು ಅಲ್ಲಾಡಿಸಿ ನೋಡಿ. ಅದು ಕಡಿಮೆ ಖರ್ಚಿನ ಕೆಲಸ.

ಡಿಫರೆನ್ಶಿಯಲ್ ಸರದಿ ಇಷ್ಟೆಲ್ಲ ಆದ ಮೇಲೆ. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ 60ಕ್ಕೆ ಹೋಗಿ, ಗೇರಿನಲ್ಲೇ ಇದ್ದು ಕಾಲು ತೆಗೆಯಿರಿ, ಮತ್ತೆ ಒತ್ತಿ. ಸದ್ದು ಕಾಲಿನ ಜೊತೆ ಏರಿಳಿದರೆ ಹೌಸಿಂಗಿನ ಎಣ್ಣೆ ಇಳಿಸಿ. ಡ್ರೈನ್ ಪ್ಲಗ್ಗಿಗೆ ತೆಳುವಾದ ಬೂದು ಪೇಸ್ಟ್ ಅಂಟಿದ್ದರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಚಕ್ಕೆ ಚಕ್ಕೆ ಕಬ್ಬಿಣ ಬಂದರೆ ಮಾತ್ರ ಬಿಚ್ಚಿಸಿ. ಆಗಲೂ ಕ್ರೌನು, ಪಿನಿಯನ್ನು ಒಂದೇ ಸೆಟ್ಟಿನದು ಹಾಕಿಸಿ, ಅವು ಜೋಡಿಯಾಗೇ ಬರುತ್ತವೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಮೈಯ ನಡುಭಾಗದಲ್ಲಿ ಬೀಳುತ್ತಾ ಅಂತ ನಿಮ್ಮ ಎದುರೇ ತೋರಿಸಲು ಹೇಳಿ. ನನ್ನ ಗಾಡಿಗೆ ಆ ಕೆಲಸ ಮಾಡಿರಲಿಲ್ಲ. ಬೇರೆ ಕಡೆ ಮತ್ತೆ ಬಿಚ್ಚಿಸಿ ಸೆಟ್ ಮಾಡಿಸಿದ ಮೇಲೆಯೇ ಆ ಊಳು ನಿಂತದ್ದು.